ಒಂಟಿ ಮನುಷ್ಯನನ್ನು ಬೆಟ್ಟದ ಮೇಲೆ ನಿಲ್ಲಿಸುವ ಕ್ರಮ



ನೀವು ಕೊಂಡ ‘ಧ್ಯಾನಮಗ್ನ ಒಂಟಿಗ’ ಸೆಟ್ಟನ್ನು ಮುಂದೆ ಹೇಳಿರುವ ಕ್ರಮದಲ್ಲಿ ಜೋಡಿಸಿದರೆ ನಿಮ್ಮ ನಡುಮನೆಯ ಗೋಡೆಯ ಮೇಲೆ ಒಂದು ಬೆಟ್ಟ ಏಳುತ್ತದೆ, ಅದಕ್ಕೆ ಸಾಕಾಗುವಷ್ಟು ಮಂಜು ಕವಿಯುತ್ತದೆ, ಅದರೆದುರು ಏನೋ ಗಹನವಾದದ್ದನ್ನು ಯೋಚಿಸುತ್ತಿರುವಂತೆ ಕಾಣುವ ಒಬ್ಬ ಮನುಷ್ಯ ನಿಲ್ಲುತ್ತಾನೆ. ಯೋಚನೆ ಮಾತ್ರ ಡಬ್ಬದಲ್ಲಿ ಇರುವುದಿಲ್ಲ. ಅದನ್ನು ನೋಡುವವರೇ ತಮ್ಮ ಮನೆಯಿಂದ ತರಬೇಕು.

ಕೈಪಿಡಿ ನೋಡಿ ಚಿತ್ರ ಬರೆಯುವುದೇ ಎಂದು ಮೂಗು ಮುರಿಯಬೇಡಿ. ಈ ವಿದ್ಯೆಗೆ ಕೈಪಿಡಿ ಬಂದು ಮೂರು ಶತಮಾನ ದಾಟಿದೆ. ಚೀನಾದ ನಾನ್‌ಜಿಂಗ್ ನಗರದಲ್ಲಿ ಲೀ ಯೂ ಎಂಬ ನಾಟಕಕಾರನ ಮನೆಗೆ ‘ಸಾಸಿವೆ ಕಾಳಿನ ತೋಟ’ ಎಂದು ಹೆಸರು. ಆ ಹೆಸರಿನಲ್ಲೇ 1679ರಲ್ಲಿ ಒಂದು ಚಿತ್ರಕಲಾ ಕೈಪಿಡಿ ಹೊರಬಂತು. ಮುನ್ನುಡಿ ಲೀ ಯೂ ಬರೆದದ್ದು, ಸಂಕಲನ ವಾಂಗ್ ಗೈ ಎಂಬ ಕಲಾವಿದನದು. ಮರದಚ್ಚಿನಲ್ಲಿ ಬಣ್ಣದಲ್ಲೇ ಮುದ್ರಿಸಿದ ಪುಸ್ತಕ. ಮರಕ್ಕೊಂದು ಭಾಗ, ಬಂಡೆಗೊಂದು ಭಾಗ. ಬೆಟ್ಟ ನೋಡುವ ಮನುಷ್ಯನನ್ನೂ ಬಿಡಿಭಾಗದ ಹಾಗೆಯೇ ಬೇರೆಯಾಗಿ ಕೊಟ್ಟಿದ್ದಾರೆ. ಕೋಲೂರಿ ನಿಂತವನು, ಕೈಕಟ್ಟಿ ಕೂತವನು, ತಲೆಯೆತ್ತಿ ನೋಡುವವನು, ಯಾರು ಬೇಕೋ ಅವರನ್ನು ಆರಿಸಿಕೊಂಡು ನಿಮ್ಮ ಬೆಟ್ಟದ ಬುಡದಲ್ಲಿ ಇಟ್ಟುಕೊಳ್ಳಬಹುದು. ಇಪ್ಪತ್ತನೇ ಶತಮಾನದ ಚೀನಾದ ಬಹು ದೊಡ್ಡ ಕಲಾವಿದ ಚೀ ಬೈಷೀ ಮೊದಲು ಬಡಗಿಯಾಗಿದ್ದ. ಕೆಲಸಕ್ಕೆ ಹೋದ ಮನೆಯೊಂದರಲ್ಲಿ ಈ ಪುಸ್ತಕ ಕಂಡು, ಎರವಲು ತಂದು, ಹಾಳೆ ಹಾಳೆಯನ್ನೂ ಪ್ರತಿ ಮಾಡಿಕೊಂಡೇ ಅವನು ಚಿತ್ರ ಕಲಿತದ್ದು.

ಯಾರಿಗಾಗಿ

ಇದು ಬೆಟ್ಟ ಹತ್ತಲಾಗದವರ ಸಾಮಾನು. ಐದನೇ ಶತಮಾನದ ಜೊಂಗ್ ಬಿಂಗ್ ಪ್ರಾಯದಲ್ಲಿ ಕಾಡುಮೇಡು ಸುತ್ತಿ, ಮುಪ್ಪಿನಲ್ಲಿ ಕಾಲು ಸೋತಾಗ ನೋಡಿದ ಬೆಟ್ಟಗಳನ್ನೆಲ್ಲ ಕೋಣೆಯ ಗೋಡೆಗೆ ಬರೆದು, ಮಲಗಿದಲ್ಲಿಂದಲೇ ತಿರುಗಾಡಿದ. ವಾದ್ಯ ನುಡಿಸಿ ಆ ಗೋಡೆಯ ಬೆಟ್ಟಗಳಿಂದ ಮಾರ್ದನಿ ಬರಲಿ ಎಂದೂ ಬಯಸಿದನಂತೆ. ಹನ್ನೊಂದನೇ ಶತಮಾನದ ಗುವೊ ಶಿ ಇದಕ್ಕೊಂದು ಸರಕಾರಿ ಸಮರ್ಥನೆ ಕೊಟ್ಟ. ಆಸ್ಥಾನದ ಕೆಲಸ, ತಂದೆತಾಯಿಯರ ಹೊಣೆ ಹೊತ್ತ ಮನುಷ್ಯ ಎಲ್ಲ ಬಿಟ್ಟು ಕಾಡಿಗೆ ಹೋಗುವ ಹಾಗಿಲ್ಲವಲ್ಲ. ಅಂಥವನು ಚೌಕಿಯಿಂದ ಏಳದೆಯೇ ತೊರೆ, ಕಣಿವೆ ಕಾಣಲಿ ಎಂಬುದಕ್ಕೇ ಈ ಚಿತ್ರಗಳು ಎಂಬರ್ಥದಲ್ಲಿ ಹೇಳಿದ. ಅವನ ಮಾತುಗಳನ್ನು ಮಗ ಗುವೊ ಸಿ ಬರೆದಿಟ್ಟಿದ್ದಾನೆ.

ಆದ್ದರಿಂದ ನಿಮಗೆ ಫೈಲು, ಸಾಲದ ಕಂತು, ಮಕ್ಕಳ ಪರೀಕ್ಷೆ ಇವೆಲ್ಲ ಇದ್ದರೆ ನೀವು ನಮ್ಮ ಆದರ್ಶ ಗ್ರಾಹಕರು. ನಿಜವಾಗಿಯೂ ಬೆಟ್ಟದ ಮೇಲೆ ಒಂಟಿಯಾಗಿರುವವರು ಇದನ್ನು ಕೊಂಡ ದಾಖಲೆ ನಮ್ಮಲ್ಲಿಲ್ಲ.

ಅಳತೆ

ಚೀನೀಯರು ಹಿಂದಿನಿಂದ ಕವಿ-ಕಲಾವಿದ ವಾಂಗ್ ವೇಯ ಹೆಸರಿನಲ್ಲಿ ಹೇಳಿಕೊಂಡು ಬಂದ ಒಂದು ಸೂತ್ರವಿದೆ. ಅವರ ಅಳತೆಗಳನ್ನು ಕಳಚಿ ಹೇಳುವುದಾದರೆ, ಬೆಟ್ಟ 1,000 ಪಾಲಾದರೆ ಮರ 100, ಕುದುರೆ 10, ಮನುಷ್ಯ 1. ಕುದುರೆ ಮನುಷ್ಯನ ಹತ್ತರಷ್ಟು ಹೇಗಾಯಿತು ಎಂದು ಗ್ರಾಹಕ ಸೇವೆಗೆ ಫೋನು ಮಾಡಬೇಡಿ. ಮನುಷ್ಯ ಎಲ್ಲಕ್ಕಿಂತ ಚಿಕ್ಕವನು ಎಂಬಷ್ಟನ್ನು ತೆಗೆದುಕೊಂಡು ಮುಂದೆ ಹೋಗಿ. ಅದೇ ಪಾಠದ ಇನ್ನೊಂದು ಸಾಲಿನ ಪ್ರಕಾರ ದೂರದ ಮನುಷ್ಯನಿಗೆ ಕಣ್ಣಿಲ್ಲ, ದೂರದ ಮರಕ್ಕೆ ಕೊಂಬೆಯಿಲ್ಲ, ದೂರದ ಬೆಟ್ಟಕ್ಕೆ ಕಲ್ಲಿಲ್ಲ. ದೂರದ ಬೆಟ್ಟ ನುಣ್ಣಗೆ ಎಂದು ನಾವು ಮೋಸದ ಎಚ್ಚರಿಕೆಯಾಗಿ ಹೇಳುವುದನ್ನು ಅವರು ಚಿತ್ರ ಬರೆಯುವ ವಿಧಾನವಾಗಿಯೇ ಇಟ್ಟುಕೊಂಡರು.

ಜರ್ಮನ್ ಮಾದರಿಯಲ್ಲಿ ಮನುಷ್ಯ ಎರಡು ಗಾತ್ರದಲ್ಲಿ ಲಭ್ಯ. ಎರಡನ್ನೂ ಡ್ರೆಸ್ಡನ್‌ನಲ್ಲಿದ್ದ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ (1774–1840) ತಯಾರಿಸಿದ. ಸಣ್ಣದು ‘ಕಡಲ ದಂಡೆಯ ಸನ್ಯಾಸಿ’, 1808ರಿಂದ 1810ರ ನಡುವಿನದು, ಈಗ ಬರ್ಲಿನ್‌ನಲ್ಲಿದೆ. 110 ಸೆಂಟಿಮೀಟರ್ ಎತ್ತರ, 171.5 ಸೆಂಟಿಮೀಟರ್ ಅಗಲದ ಕ್ಯಾನ್ವಾಸಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಬರೀ ಆಕಾಶ. ಕೆಳಗೆ ಕಪ್ಪು ಕಡಲು, ಬಿಳಿಚಿದ ಮರಳು, ಅದರ ಮೇಲೆ ಬೆರಳಿನಷ್ಟು ಒಬ್ಬ ಸನ್ಯಾಸಿ. ದೊಡ್ಡದು ‘ಮಂಜಿನ ಕಡಲ ಮೇಲಿನ ಅಲೆಮಾರಿ’, ಸುಮಾರು 1818ರದು, ಹ್ಯಾಂಬರ್ಗ್‌ನಲ್ಲಿದೆ. ಇಲ್ಲಿ ಹಸಿರು ಕೋಟಿನವನೊಬ್ಬ ಚಿತ್ರದ ನಟ್ಟನಡುವೆ ಬಂಡೆಯೇರಿ ಇಡೀ ಕಣಿವೆಗೆ ಅಡ್ಡ ನಿಂತಿದ್ದಾನೆ. ಎರಡೂ ಕೆಲಸ ಮಾಡುತ್ತವೆ. ಮಧ್ಯಮ ಗಾತ್ರ ಮಾತ್ರ ಬೇಡ. ಮಧ್ಯಮ ಗಾತ್ರದವನು ಬಸ್ಸಿಗೆ ಕಾಯುತ್ತಿರುವ ಹಾಗೆ ಕಾಣುತ್ತಾನೆ.

ಯಾವ ಕಡೆ ತಿರುಗಿಸಬೇಕು

ಬೆನ್ನು ನಮ್ಮ ಕಡೆಗೆ. ಇದರಲ್ಲಿ ರಿಯಾಯಿತಿ ಇಲ್ಲ.

ಮುಖ ಕಂಡರೆ ಗುಟ್ಟು ರಟ್ಟಾಗುತ್ತದೆ. ಹಸಿವು, ಆಕಳಿಕೆ, ಮನೆಗೆ ಹೋಗಬೇಕಲ್ಲ ಎಂಬ ಚಿಂತೆ, ಎಲ್ಲವೂ ಮುಖದಲ್ಲಿ ಕಾಣುತ್ತವೆ. ಬೆನ್ನಿನಲ್ಲಿ ಇವು ಯಾವುವೂ ಕಾಣುವುದಿಲ್ಲವಾದ್ದರಿಂದ ನೋಡುವವರು ಸಜ್ಜನಿಕೆಯಿಂದ ಅದನ್ನು ತತ್ವಜ್ಞಾನ ಎಂದುಕೊಳ್ಳುತ್ತಾರೆ. ಫ್ರೀಡ್ರಿಕ್ ತನ್ನ ಬದುಕಿನುದ್ದಕ್ಕೂ ಈ ಬೆನ್ನನ್ನೇ ಬರೆದ. ಅದರಲ್ಲಿ ಒಂದು ಸೂಕ್ಷ್ಮವಿದೆ. ಬೆನ್ನು ಕಾಣಬೇಕಾದರೆ ಅವನ ಹಿಂದೆ ಇನ್ನೊಬ್ಬರು ನಿಂತಿರಬೇಕು. ಮೊದಲು ಕಲಾವಿದ ನಿಂತಿದ್ದ, ಈಗ ಟಿಕೆಟ್ ಕೊಂಡು ಬಂದ ನಾವು ಸಾಲಾಗಿ ನಿಂತಿದ್ದೇವೆ. ಹ್ಯಾಂಬರ್ಗ್‌ನ ಆ ಬಂಡೆಯ ಮೇಲೆ ತಾನೊಬ್ಬನೇ ಎಂದುಕೊಂಡಿರುವವನು ಅಲೆಮಾರಿಯೊಬ್ಬನೇ.

ಚೀನಾ ಮಾದರಿಯಲ್ಲಿ ಎದುರಿನಿಂದಲೂ ನೋಡುವವರಿದ್ದಾರೆ. ಮನುಷ್ಯ ಬೆಟ್ಟವನ್ನು ನೋಡುವಂತಿರಬೇಕು, ಬೆಟ್ಟವೂ ಬಗ್ಗಿ ಅವನನ್ನು ನೋಡುವಂತಿರಬೇಕು ಎಂಬ ಆಶಯದ ಸೂಚನೆ ಸಾಸಿವೆ ಕಾಳಿನ ಕೈಪಿಡಿಯಲ್ಲಿದೆ. ನಾವು ಕಂಡ ಸೂಚನೆಗಳಲ್ಲೆಲ್ಲ ಇದು ಅತ್ಯಂತ ಕಷ್ಟದ್ದು, ಹಾಗೂ ಅತ್ಯಂತ ಚಂದದ್ದು. ಬೆಟ್ಟವನ್ನು ಬಗ್ಗಿಸುವ ಉಪಕರಣ ಈ ಸೆಟ್ಟಿನಲ್ಲಿಲ್ಲ.

ಕೈಯಲ್ಲಿ ಏನಿರಬೇಕು

ಆದಷ್ಟು ಏನೂ ಬೇಡ. ಕೋಲು ಆಗಬಹುದು. ಕುರಿ ಕಾಯುವವನು ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಗುಡ್ಡದ ಮೇಲೆ ಒಬ್ಬನೇ ಇರುತ್ತಾನೆ. ಆದರೂ ಅವನನ್ನು ಯಾರೂ ಧ್ಯಾನಮಗ್ನ ಎನ್ನುವುದಿಲ್ಲ, ಏಕೆಂದರೆ ಅವನ ಕಣ್ಣು ಕುರಿಯ ಮೇಲಿದೆ. ಕೆಲಸ ಕಂಡಕೂಡಲೇ ಧ್ಯಾನ ಹೋಯಿತು ಎಂಬುದು ಈ ಕಲೆಯ ಅಲಿಖಿತ ಕಾನೂನು. ಸ್ಪಷ್ಟವಾಗಿ ಅನ್ಯಾಯದ ಕಾನೂನು, ಆದರೆ ಇದನ್ನು ಮಾಡಿದವರು ನಾವಲ್ಲ.

ಚೀನಾದಲ್ಲಿ ಮೀನು ಹಿಡಿಯುವವನಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಅಲ್ಲಿ ಬೆಸ್ತನೆಂದರೆ ಅಧಿಕಾರ ತೊರೆದು ಬಂದ ವಿದ್ವಾಂಸನ ಸಂಕೇತ. ಟೋಕಿಯೋದ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಕಲಾವಿದ ಮಾ ಯುವಾನ್‌ನದು ಎನ್ನುವ ಒಂದು ಚಿತ್ರವಿದೆ. ಒಂದು ಪುಟ್ಟ ದೋಣಿ, ಮುದುರಿ ಕೂತ ಒಬ್ಬ, ನಾಲ್ಕೈದು ನೀರಿನ ಗೆರೆ. ಉಳಿದದ್ದೆಲ್ಲ ಖಾಲಿ ರೇಷ್ಮೆ. ಕಲಾರಸಿಕರು ಅದರ ಮುಂದೆ ಶೂನ್ಯದ ಬಗ್ಗೆ ಮಾತಾಡುತ್ತಾರೆ. ಮೀನುಗಾರಿಕೆಯ ಚರಿತ್ರೆ ಬರೆಯುವವರು ಅದೇ ಚಿತ್ರವನ್ನು ಬೇರೊಂದು ಕಾರಣಕ್ಕೆ ಹುಡುಕಿಕೊಂಡು ಬರುತ್ತಾರೆ: ಗಾಳದ ದಾರ ಸುತ್ತುವ ರಾಟೆಯ ಅತ್ಯಂತ ಹಳೆಯ ಚಿತ್ರಗಳಲ್ಲಿ ಅದೂ ಒಂದು. ಶೂನ್ಯದ ಮಧ್ಯೆ ಕೂತವನು ಒಳ್ಳೆಯ ಸಲಕರಣೆ ಇಟ್ಟುಕೊಂಡೇ ಕೂತಿದ್ದಾನೆ.

ಬೆಟ್ಟದ ಜೋಡಣೆ

ಒಂದೇ ಬೆಟ್ಟ ಸಾಕಾಗುವುದಿಲ್ಲ. ಎಲ್ಬೆ ನದಿಯ ಮರಳುಗಲ್ಲಿನ ಬೆಟ್ಟಸಾಲಿನಲ್ಲಿ ಫ್ರೀಡ್ರಿಕ್ ಪೆನ್ಸಿಲ್ ಹಿಡಿದು ಅಲೆದು, ಒಂದೊಂದು ಬಂಡೆಯನ್ನೂ ನಿಷ್ಠೆಯಿಂದ ಗುರುತು ಹಾಕಿಕೊಂಡು ಬಂದ. ಆಮೇಲೆ ಡ್ರೆಸ್ಡನ್‌ನ ಕೋಣೆಯಲ್ಲಿ ಕೂತು ಅವುಗಳನ್ನು ತನಗೆ ಬೇಕಾದಂತೆ ಜೋಡಿಸಿದ. ಅಲೆಮಾರಿ ನಿಂತಿರುವ ಬಂಡೆ ಕೈಸರ್‌ಕ್ರೋನ್ ಗುಡ್ಡದ್ದು. ಅವನು ನೋಡುತ್ತಿರುವ ಶಿಖರಗಳು ಬೇರೆ ಬೇರೆ ಕಡೆಯಿಂದ ತಂದವು. ಆ ಬಂಡೆಯ ಮೇಲೆ ನೀವು ಹೋಗಿ ನಿಂತರೆ ಆ ನೋಟ ಕಾಣುವುದಿಲ್ಲ. ಬಿಡಿಭಾಗಗಳ ನಡುವಿನ ಬಿರುಕು ಮುಚ್ಚುವುದಕ್ಕೆ ಮಂಜು ಬಳಸಿ. ಸೆಟ್ಟಿನಲ್ಲಿ ಅದನ್ನು ಧಾರಾಳವಾಗಿ ಕೊಟ್ಟಿರುವುದು ಇದೇ ಕಾರಣಕ್ಕೆ.

ಜೋಡಿಸುವ ಕೋಣೆ ಖಾಲಿಯಿರಲಿ. ಗೆಳೆಯ ಕೆರ್ಸ್ಟಿಂಗ್ ಬರೆದ ಫ್ರೀಡ್ರಿಕ್‌ನ ಕಾರ್ಯಶಾಲೆಯ ಚಿತ್ರಗಳು ಉಳಿದಿವೆ. ಅವುಗಳಲ್ಲಿ ಬೋಳು ಗೋಡೆ, ಒಂದು ಈಸೆಲ್, ತೂಗುಹಾಕಿದ ಬಣ್ಣದ ಹಲಗೆ ಮತ್ತು ಅಳತೆಪಟ್ಟಿ. ಕಿಟಕಿಯ ಕೆಳಭಾಗವನ್ನು ಮುಚ್ಚಿ ಮೇಲಿನಿಂದಷ್ಟೇ ಬೆಳಕು ಬರುವಂತೆ ಮಾಡಿಕೊಂಡಿದ್ದಾನೆ. ಜಗತ್ತಿಗೆಲ್ಲ ಅಪಾರ ನೋಟ ಹಂಚಿದವನ ಕೋಣೆಯಿಂದ ಹೊರಗಿನ ಬೀದಿಯೂ ಕಾಣುತ್ತಿರಲಿಲ್ಲ.

ಬೇಡದ್ದನ್ನು ಅಳಿಸುವುದು

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. ಒಂಟಿತನವನ್ನು ಬರೆದು ತರಲಾಗುವುದಿಲ್ಲ, ಉಳಿದದ್ದನ್ನು ಒರೆಸಿ ತರಬೇಕು. ‘ಕಡಲ ದಂಡೆಯ ಸನ್ಯಾಸಿ’ಯನ್ನು ಅವಗೆಂಪು ಕಿರಣದಲ್ಲಿ ನೋಡಿದಾಗ ಆ ಕಪ್ಪು ಕಡಲಿನ ಅಡಿಯಲ್ಲಿ ಹಾಯಿಹಡಗುಗಳು ಕಂಡವು. ಫ್ರೀಡ್ರಿಕ್ ಮೊದಲು ಹಡಗು ಬರೆದು, ಆಮೇಲೆ ಕಡಲಿನ ಬಣ್ಣವನ್ನೇ ಬಳಿದು ಅವನ್ನು ಮುಚ್ಚಿದ. ಅಂದರೆ ಸನ್ಯಾಸಿ ಮೊದಲು ಹಡಗು ನೋಡುತ್ತಿದ್ದ. ಬಂದರಿನಲ್ಲಿ ಹಡಗು ನೋಡುವುದರಲ್ಲಿ ವಿಶೇಷವೇನೂ ಇಲ್ಲ. ಹಡಗು ತೆಗೆದ ಮೇಲೆ ಅವನು ಅನಂತವನ್ನು ನೋಡುವವನಾದ. ಅವನು ಮಾತ್ರ ನಿಂತ ಜಾಗದಿಂದ ಕದಲಿಲ್ಲ.

ಅಳಿಸಿದ್ದು ಹೆಚ್ಚಾದರೆ ಗೆಳೆಯರ ಹೆಂಡಂದಿರು ಆಕ್ಷೇಪಿಸುತ್ತಾರೆ. ಕಲಾವಿದ ಕ್ಯೂಗೆಲ್ಗನ್‌ನ ಹೆಂಡತಿ ಮರೀ ಹೆಲೆನ್ 1809ರಲ್ಲಿ ಕಾರ್ಯಶಾಲೆಗೆ ಬಂದು ಈ ಚಿತ್ರ ನೋಡಿ, ಪತ್ರದಲ್ಲಿ ತನ್ನ ಅಳಲು ತೋಡಿಕೊಂಡಳು. ಸೂರ್ಯನಿಲ್ಲ, ಚಂದ್ರನಿಲ್ಲ, ದೋಣಿಯಿಲ್ಲ, ಒಂದು ಹುಲ್ಲಿನ ಎಸಳೂ ಇಲ್ಲ. ಒಂದು ಗುಡುಗು ಮಳೆಯಾದರೂ ಇದ್ದಿದ್ದರೆ ಸಮಾಧಾನವಾಗುತ್ತಿತ್ತು ಎಂಬುದು ಅವಳ ದೂರಿನ ಸಾರಾಂಶ. ನಮ್ಮನ್ನು ಕೇಳಿದರೆ, ಈ ಚಿತ್ರದ ಬಗ್ಗೆ ಆಮೇಲೆ ಬಂದ ದಪ್ಪ ದಪ್ಪ ಗ್ರಂಥಗಳಿಗಿಂತ ಅವಳ ಪತ್ರ ಹೆಚ್ಚು ಪ್ರಾಮಾಣಿಕ. ಚಿತ್ರ ಏನು ಮಾಡುತ್ತದೆ ಎಂಬುದು ಅವಳಿಗೆ ತಕ್ಷಣ ತಟ್ಟಿದೆ. ಅದು ಅವಳಿಗೆ ಇಷ್ಟವಾಗಲಿಲ್ಲ, ಅಷ್ಟೆ.

ಆಳು

ಇನ್ನು ಕೈಪಿಡಿಗಳೆಲ್ಲ ಸಣ್ಣ ಅಕ್ಷರದಲ್ಲಿ ಅಚ್ಚು ಮಾಡುವ ಭಾಗ. ಈ ಉತ್ಪನ್ನದ ಜೋಡಣೆಗೆ ಕನಿಷ್ಠ ಇಬ್ಬರು ಬೇಕು.

ಮಾ ಯುವಾನ್ ಹನ್ನೆರಡನೇ ಶತಮಾನದ ಕೊನೆಯಿಂದ ಹದಿಮೂರನೆಯದರ ಮೊದಲ ಭಾಗದವರೆಗೆ ಹಾಂಗ್‌ಝೌನ ಆಸ್ಥಾನದಲ್ಲಿದ್ದ. ಚಿತ್ರದ ಒಂದು ಮೂಲೆಯಲ್ಲಿ ಎಲ್ಲವನ್ನೂ ಒತ್ತಿ ಉಳಿದದ್ದನ್ನು ಖಾಲಿ ಬಿಡುತ್ತಿದ್ದುದರಿಂದ ಜನ ಅವನನ್ನು ‘ಒಂದು ಮೂಲೆಯ ಮಾ’ ಎಂದೇ ಕರೆದರು. ತೈಪೆಯಲ್ಲಿರುವ ಅವನ ‘ವಸಂತದ ಬೆಟ್ಟದ ಹಾದಿ’ಯನ್ನು ಪುಸ್ತಕಗಳು ಏಕಾಂತ ಚಿಂತನೆಯ ಮೇರು ಉದಾಹರಣೆಯಾಗಿ ಕೊಡುತ್ತವೆ. ವಿದ್ವಾಂಸನೊಬ್ಬ ಗಡ್ಡ ನೀವಿಕೊಳ್ಳುತ್ತ, ಕೊಂಬೆ ಇಳಿಬಿಟ್ಟ ವಿಲೋ ಮರದ ಕೆಳಗೆ ನಿಂತು ಹಕ್ಕಿ ನೋಡುತ್ತಿದ್ದಾನೆ. ಸರಿ. ಎಡಗಡೆ ಚಿತ್ರದ ಅಂಚಿಗೆ ಕಣ್ಣು ಹಾಯಿಸಿ. ಅಲ್ಲಿ ಒಬ್ಬ ಹುಡುಗ ವಿದ್ವಾಂಸನ ಏಳು ತಂತಿಯ ವಾದ್ಯವನ್ನು ಹೊತ್ತುಕೊಂಡು ಬರುತ್ತಿದ್ದಾನೆ. ಏಕಾಂತಕ್ಕೆ ಬಂದವನು ವಾದ್ಯವನ್ನು ತಾನೇ ಹೊರಲಿಲ್ಲ. ಚೀನಾದ ನಿಸರ್ಗ ಚಿತ್ರಗಳಲ್ಲಿ ಈ ಹುಡುಗನನ್ನು ಒಮ್ಮೆ ಗುರುತಿಸಿದರೆ ಮತ್ತೆ ಮತ್ತೆ ಕಾಣುತ್ತಾನೆ: ವಾದ್ಯ ಹೊರುತ್ತಾನೆ, ಚಹಾ ಕಾಯಿಸುತ್ತಾನೆ, ದೋಣಿಗೆ ಹುಟ್ಟು ಹಾಕುತ್ತಾನೆ. ಚಿತ್ರದ ಹೆಸರಿನಲ್ಲಿ ಅವನು ಲೆಕ್ಕಕ್ಕಿಲ್ಲ.

ಫ್ರೀಡ್ರಿಕ್ ಆಳು ಇಟ್ಟುಕೊಳ್ಳುವಷ್ಟು ಸಿರಿವಂತನಲ್ಲ. ರಷ್ಯದ ಕವಿ ಝುಕೋವ್‌ಸ್ಕಿ ಸ್ವಿಟ್ಜರ್ಲೆಂಡ್ ಪ್ರವಾಸಕ್ಕೆ ಜೊತೆಗೆ ಬಾ ಎಂದು ಕರೆದಾಗ, ನಿಸರ್ಗವನ್ನು ಪೂರ್ತಿ ಕಾಣಬೇಕಾದರೆ ತಾನು ಒಬ್ಬನೇ ಇರಬೇಕು ಎಂದು ಒಪ್ಪಲಿಲ್ಲ. ಒಳ್ಳೆಯದು. ಆದರೆ ಆ ಝುಕೋವ್‌ಸ್ಕಿಯೇ ಅವನ ಚಿತ್ರಗಳನ್ನು ರಷ್ಯದ ರಾಜಮನೆತನಕ್ಕೆ ಮಾರಿಸಿಕೊಟ್ಟ. 1835ರಲ್ಲಿ ಫ್ರೀಡ್ರಿಕ್‌ಗೆ ಪಾರ್ಶ್ವವಾಯು ಬಡಿದ ಮೇಲೆ ನೆರವಿಗೆ ಬಂದದ್ದೂ ಆ ಕಡೆಯ ದುಡ್ಡೇ. ಮನೆಯಲ್ಲಿ ಬಾಗಿಲು ಕಾದವಳು ಹೆಂಡತಿ ಕರೋಲಿನ್. ಗಂಡ ಆಕಾಶ ಬಳಿಯುವ ದಿನ ಯಾರೂ ಅವನನ್ನು ಮಾತಾಡಿಸುವಂತಿಲ್ಲ ಎನ್ನುತ್ತಿದ್ದಳಂತೆ. 1822ರಲ್ಲಿ ಅವಳನ್ನೂ ಒಂಟಿಯಾಗಿ ಬರೆದ, ಬೆನ್ನು ನಮ್ಮ ಕಡೆಗೇ. ನಿಲ್ಲಿಸಿದ್ದು ಮಾತ್ರ ತನ್ನ ಕಾರ್ಯಶಾಲೆಯ ಕಿಟಕಿಯ ಬಳಿ. ಗಂಡಸಿಗೆ ಶಿಖರ, ಹೆಂಗಸಿಗೆ ಕಿಟಕಿ. ನ್ಯಾಯಕ್ಕಾಗಿ ಇದನ್ನೂ ಹೇಳಬೇಕು: ‘ರೀಸನ್‌ಗೆಬಿರ್ಗೆಯ ಮುಂಜಾವು’ ಎಂಬ ಚಿತ್ರದಲ್ಲಿ ಶಿಖರದ ಶಿಲುಬೆಯನ್ನು ಮೊದಲು ಮುಟ್ಟಿದವಳು ಹೆಂಗಸು, ಗಂಡಸನ್ನು ಕೈಹಿಡಿದು ಮೇಲೆಳೆಯುತ್ತಿದ್ದಾಳೆ. ಆ ಇಬ್ಬರನ್ನು ಬರೆದುಕೊಟ್ಟವನು ಬೆಟ್ಟಕ್ಕೆ ಜೊತೆಯಲ್ಲಿ ಹೋಗಿದ್ದ ಕೆರ್ಸ್ಟಿಂಗ್ ಎಂಬ ಮಾತೂ ಇದೆ.

ಬೆಂಗಳೂರಿನ ಗ್ರಾಹಕರು ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋದರೆ ರೋರಿಕ್ ತಂದೆ-ಮಗನ ಚಿತ್ರಗಳನ್ನು ನೋಡಬಹುದು. ಮಗ ಸ್ವೆತೊಸ್ಲಾವ್ ಹೆಂಡತಿ ದೇವಿಕಾ ರಾಣಿಯೊಡನೆ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದ್ದು ನಿಮಗೆ ಗೊತ್ತೇ ಇದೆ. ತಂದೆ ನಿಕೊಲಾಸ್ ಬರೆದದ್ದು ಹಿಮಾಲಯ. ನೀಲಿ ನೇರಳೆ ಶಿಖರಗಳ ನಡುವೆ ಒಬ್ಬ ತಪಸ್ವಿ, ಅಥವಾ ಒಬ್ಬ ಕುದುರೆ ಸವಾರ. ಆದರೆ 1925ರಿಂದ 1928ರ ತನಕ ಆತ ಮಧ್ಯ ಏಷ್ಯಾ ಸುತ್ತಿದ್ದು ಹೆಂಡತಿ, ಹಿರಿಯ ಮಗ, ಆಳುಕಾಳು, ಹೇರು ಹೊತ್ತ ಪ್ರಾಣಿಗಳ ದೊಡ್ಡ ತಂಡ ಕಟ್ಟಿಕೊಂಡು. ಆ ಮೌನದ ಹಿಂದೆ ಅಷ್ಟು ಜನಕ್ಕೆ ದಿನಾ ಅಡುಗೆಯಾಗಬೇಕಿತ್ತು.

ಮೊಬೈಲ್ ಮಾದರಿಯವರಿಗೆ: ಮುಳ್ಳಯ್ಯನಗಿರಿಯ ಮಂಜಿನಲ್ಲಿ ಬೆನ್ನು ತೋರಿಸಿ ನಿಂತು ಏಕಾಂತದ ಫೋಟೋ ಹಾಕುವುದಕ್ಕೂ ಮೇಲಿನ ನಿಯಮವೇ ಅನ್ವಯ. ಫೋನು ಹಿಡಿದವರ ಹೆಸರನ್ನಾದರೂ ಕೆಳಗೆ ಬರೆಯಿರಿ.

ಉಡುಪು

ಬಟ್ಟೆಯ ಆಯ್ಕೆಯಲ್ಲಿ ಎಚ್ಚರ. ನೆಪೋಲಿಯನ್ ಯುದ್ಧಗಳ ನಂತರ ಜರ್ಮನಿಯ ದೇಶಾಭಿಮಾನಿ ಯುವಕರು ಹಳೇ ಕಾಲದ ಉದ್ದ ಕೋಟು, ಅಗಲ ಟೋಪಿ ಹಾಕಿಕೊಳ್ಳತೊಡಗಿದರು. 1819ರಲ್ಲಿ ಕಾರ್ಲ್ಸ್‌ಬಾದ್ ಶಾಸನಗಳು ಬಂದು ಇಂಥವರ ಮೇಲೆ ಕಣ್ಗಾವಲು ಬಿತ್ತು, ಉಡುಪೂ ಅಪರಾಧವಾಯಿತು. ಫ್ರೀಡ್ರಿಕ್ ಚಂದ್ರನನ್ನು ನೋಡುತ್ತ ನಿಂತ ಇಬ್ಬರಿಗೆ ಅದೇ ಬಟ್ಟೆ ತೊಡಿಸಿದ. ಕಾರ್ಯಶಾಲೆಗೆ ಬಂದವರಿಗೆ, ಇವರು ರಾಜದ್ರೋಹದ ಪಿತೂರಿಯಲ್ಲಿದ್ದಾರೆ ಎಂದು ತಮಾಷೆಯಾಗಿ ಹೇಳಿದನಂತೆ. ಚಂದ್ರನನ್ನು ನೋಡುತ್ತಿದ್ದೇವೆ ಎಂಬ ಸಬೂಬು ಎಲ್ಲ ಕಾಲದಲ್ಲೂ ಪೊಲೀಸರ ಮುಂದೆ ನಿಲ್ಲುತ್ತದೆ ಎಂದು ನಾವು ಭರವಸೆ ಕೊಡಲಾರೆವು.

ಸಾಮಾನ್ಯ ದೂರುಗಳು

‘ಚಿತ್ರದ ಮುಂದೆ ನಿಂತವರು ಹಾಳು ಹರಟೆ ಹೊಡೆಯುತ್ತಾರೆ.’ ಹೊಡೆಯಲಿ. 1810ರಲ್ಲಿ ‘ಸನ್ಯಾಸಿ’ ಬರ್ಲಿನ್ ಅಕಾಡೆಮಿಯಲ್ಲಿ ಪ್ರದರ್ಶನಕ್ಕೆ ಬಂದಾಗ ಬ್ರೆಂಟಾನೊ ಮತ್ತು ಆರ್ನಿಮ್ ಎಂಬ ಲೇಖಕರು ನೋಡುಗರ ಹರಟೆಯನ್ನೇ ಪ್ರಹಸನದಂತೆ ಬರೆದು ಪತ್ರಿಕೆಗೆ ಕೊಟ್ಟರು. ಸಂಪಾದಕ ಕ್ಲೈಸ್ಟ್ ಹರಟೆಯನ್ನೆಲ್ಲ ಕತ್ತರಿಸಿ, ಕಣ್ಣಿನ ರೆಪ್ಪೆಯನ್ನೇ ಕೊಯ್ದು ತೆಗೆದರೆ ಹೇಗೋ ಹಾಗೆ ಈ ನೋಟ ಎಂಬ ಭಾವದ ತನ್ನದೇ ಮಾತು ಸೇರಿಸಿ ಅಚ್ಚು ಹಾಕಿದ. ಬ್ರೆಂಟಾನೊಗೆ ಸಿಟ್ಟು ಬಂತು. ಇಂದು ಎಲ್ಲರೂ ನೆನೆಯುವುದು ಕ್ಲೈಸ್ಟ್‌ನ ಮಾತನ್ನು.

‘ಕೊಳ್ಳುವವರು ಯಾರು?’ ಆ ಚಿತ್ರವನ್ನು ಪ್ರಶ್ಯದ ದೊರೆ ಕೊಂಡ, ಅದೂ ಹದಿನೈದರ ಹರೆಯದ ಯುವರಾಜನ ಹಟಕ್ಕೆ. ಅರಮನೆ ಸೇರಿದ ಸನ್ಯಾಸಿ. ಆಮೇಲೆ ಫ್ರೀಡ್ರಿಕ್‌ನನ್ನು ಜನ ಮರೆತರು. 1906ರ ಬರ್ಲಿನ್ ಪ್ರದರ್ಶನದಲ್ಲಿ ಮತ್ತೆ ಬೆಳಕಿಗೆ ಬಂದ. ‘ಅಲೆಮಾರಿ’ ಹ್ಯಾಂಬರ್ಗ್ ಸಂಗ್ರಹಾಲಯಕ್ಕೆ ಸೇರಿದ್ದು 1970ರಲ್ಲಷ್ಟೇ. ಈಗ ಅವನಿಗೆ ನೀಷೆಯ ಪುಸ್ತಕಗಳ ಮುಖಪುಟದಲ್ಲಿ ಕಾಯಂ ನೌಕರಿ.

ದಾಸ್ತಾನು

ಬೆಂಕಿಯಿಂದ ದೂರವಿಡಿ. ಇದು ಎಲ್ಲ ಡಬ್ಬಗಳ ಮೇಲೂ ಬರೆಯುವ ಒಣ ಮಾತಲ್ಲ. 1931ರ ಜೂನ್‌ನಲ್ಲಿ ಮ್ಯೂನಿಕ್‌ನ ಗಾಜಿನ ಅರಮನೆಗೆ ಬೆಂಕಿ ಬಿದ್ದಾಗ ಪ್ರದರ್ಶನಕ್ಕೆ ತಂದಿದ್ದ ಫ್ರೀಡ್ರಿಕ್‌ನ ಒಂಬತ್ತು ಚಿತ್ರಗಳು ಸುಟ್ಟುಹೋದವು. ಹಿಮದಲ್ಲಿ ಮುಳುಗಿದ ಮಠದ ಸ್ಮಶಾನದ ಚಿತ್ರ 1945ರ ಬರ್ಲಿನ್‌ನಲ್ಲಿ ನಾಶವಾಯಿತು. ಕಪ್ಪುಬಿಳುಪು ಫೋಟೋ ಉಳಿದಿದೆ. ಕಳ್ಳರಿಂದಲೂ ದೂರವಿಡಿ. 1994ರಲ್ಲಿ ಫ್ರಾಂಕ್‌ಫರ್ಟ್‌ನ ಪ್ರದರ್ಶನದಿಂದ ಕಲಾವಿದ ಟರ್ನರ್‌ನ ಎರಡು ಚಿತ್ರಗಳ ಜೊತೆ ಕಳುವಾದ ಫ್ರೀಡ್ರಿಕ್‌ನ ಮಂಜಿನ ಚಿತ್ರ ವಾಪಸು ಸಿಕ್ಕಿದ್ದು 2003ರಲ್ಲಿ.

ಸಹಿ

ಕೊನೆಯ ಹಂತ. ಫ್ರೀಡ್ರಿಕ್ ಸಹಿ ಹಾಕಿದ್ದು ಅಪರೂಪ. ನಿಮಗೆ ಹಾಕಲೇಬೇಕು ಎನಿಸಿದರೆ ಫಾನ್ ಕುವಾನ್‌ನ ಕ್ರಮ ಅನುಸರಿಸಿ. ಸುಮಾರು ಸಾವಿರ ವರ್ಷದ ಹಿಂದೆ ಅವನು ಬರೆದ ‘ಬೆಟ್ಟ ತೊರೆಗಳ ನಡುವೆ ಪಯಣಿಗರು’ ತೈಪೆಯಲ್ಲಿದೆ. ಎರಡು ಮೀಟರಿಗೂ ಮಿಕ್ಕಿದ 206.3 ಸೆಂಟಿಮೀಟರ್ ಎತ್ತರ. ಅದರ ಬಹುಪಾಲು ಒಂದೇ ಬಂಡೆಬೆಟ್ಟ. ಅಲ್ಲಿ ಬೆನ್ನು ತೋರಿಸಿ ಯೋಚಿಸುವವರ ಸುಳಿವಿಲ್ಲ. ಕೆಳಗೆ ಬಲಗಡೆ ಹೇರು ಹೊತ್ತ ಹೇಸರಗತ್ತೆಗಳನ್ನು ಹೊಡೆದುಕೊಂಡು ಕೆಲಸದವರು ನಡೆದಿದ್ದಾರೆ, ಬೆಟ್ಟದ ಕಡೆ ತಿರುಗಿಯೂ ನೋಡುತ್ತಿಲ್ಲ. ಕಲಾವಿದ ತನ್ನ ಹೆಸರನ್ನು ಬರೆದದ್ದು ಅವರ ಹಿಂದಿನ ಮರದ ಎಲೆಗಳೊಳಗೆ. ತೈಪೆಯ ಸಂಗ್ರಹಾಲಯದ ಲೀ ಲಿನ್‌ತ್ಸಾನ್ ಅದನ್ನು ಪತ್ತೆ ಮಾಡಿದ್ದು 1958ರಲ್ಲಿ. ಕಾಯುವ ಈ ಅವಧಿ ನಮ್ಮ ಒಂದು ವರ್ಷದ ವಾರಂಟಿಯಲ್ಲಿ ಸೇರಿರುವುದಿಲ್ಲ.